ಗರ್ಭಕೋಶ ಜಾರಿದಾಗ: ಮನೆಯ ಆರೈಕೆಯಿಂದ ಶಸ್ತ್ರಚಿಕಿತ್ಸೆಯವರೆಗೆ ಒಂದು ಮಾರ್ಗದರ್ಶಿ

ಸಂಜೆಯಾಗುತ್ತಿದ್ದಂತೆ ಕೆಳಹೊಟ್ಟೆಯಲ್ಲಿ ಭಾರ, ಕುಕ್ಕರಗಾಲಲ್ಲಿ ಕೂತು ಏಳುವಾಗ ಯೋನಿಯಲ್ಲಿ ಏನೋ ಜಾರಿ ಬಂದಂಥ ಅನುಭವ, ಸ್ನಾನ ಮಾಡುವಾಗ ಕೈಗೆ ತಗಲುವ ಮೆತ್ತನೆಯ ಗಂಟು, ರಾತ್ರಿ ಮಲಗಿದರೆ ಆ ಗಂಟು ತಾನಾಗಿಯೇ ಒಳಗೆ ಹೋಗುವುದು: ಇವಿಷ್ಟೂ ಇದ್ದರೆ ಗರ್ಭಕೋಶವೋ ಮೂತ್ರಕೋಶವೋ ಗುದನಾಳವೋ ತನ್ನ ಜಾಗದಿಂದ ಕೆಳಗೆ ಜಾರಿರುವ ಸಾಧ್ಯತೆ ಹೆಚ್ಚು. ಹೆತ್ತ ಹೆಂಗಸರನ್ನು ಪರೀಕ್ಷಿಸಿ ನೋಡಿದರೆ ಸುಮಾರು ಅರ್ಧದಷ್ಟು ಮಂದಿಯಲ್ಲಿ ಇಂಥ ಸಡಿಲಿಕೆ ಅಷ್ಟಿಷ್ಟು ಕಾಣುತ್ತದೆ, ಆದರೆ ಅವರೆಲ್ಲರಿಗೂ ಅದರಿಂದ ತೊಂದರೆ ಇರುವುದಿಲ್ಲ. ತೊಂದರೆ ಇರುವವರಲ್ಲಿ ಬಹಳಷ್ಟು ಮಂದಿ ವರ್ಷಗಟ್ಟಲೆ ಯಾರಿಗೂ ಹೇಳದೆ ನೋವು ನುಂಗುತ್ತಾರೆ. ಕೊನೆಗೊಮ್ಮೆ ಬಾಯಿಬಿಟ್ಟವರಿಗೂ ಅನೇಕ ಸಲ "ಗರ್ಭಕೋಶ ತೆಗೆಸಿಬಿಡಿ" ಎಂಬ ಒಂದೇ ಸಲಹೆ ಸಿಗುತ್ತದೆ. ಈ ತೊಂದರೆಗೆ ಪ್ರತಿ ಹಂತದಲ್ಲೂ ಬೇರೆ ಬೇರೆ ಚಿಕಿತ್ಸೆಗಳಿವೆ, ಅವುಗಳಲ್ಲಿ ಆಯ್ದುಕೊಳ್ಳುವ ಹಕ್ಕು ರೋಗಿಗಿದೆ, ಮತ್ತು ಗರ್ಭಕೋಶ ತೆಗೆಯುವುದೊಂದರಿಂದಲೇ ಈ ಕಾಯಿಲೆ ವಾಸಿಯಾಗುವುದಿಲ್ಲ ಎಂಬುದನ್ನು ಓದುಗರು ಮೊದಲು ತಿಳಿದಿರಬೇಕು.

ತಪ್ಪು ಗರ್ಭಕೋಶದ್ದಲ್ಲ

ಸೊಂಟದ ಎಲುಬುಗೂಡಿನ ತಳದಲ್ಲಿ, ಮುಂದಿನ ಮೂಳೆಯಿಂದ ಬೆನ್ನುಮೂಳೆಯ ತುದಿಯವರೆಗೆ, ಸ್ನಾಯುಗಳ ಒಂದು ಪದರವು ಮಗುವನ್ನು ಮಲಗಿಸುವ ಜೋಲಿಯ ಬಟ್ಟೆಯಂತೆ ಹರಡಿಕೊಂಡಿದೆ. ಮೂತ್ರಕೋಶ, ಗರ್ಭಕೋಶ ಮತ್ತು ಗುದನಾಳಗಳ ಭಾರವನ್ನು ಕೆಳಗಿನಿಂದ ಹೊರುವುದು ಈ ಪದರ; ಮೇಲಿನಿಂದ ಅವುಗಳನ್ನು ಎಳೆದು ಹಿಡಿದಿರುವುದು ಹಗ್ಗದಂಥ ಗಟ್ಟಿ ಪಟ್ಟಿಗಳಾದ ಅಸ್ಥಿರಜ್ಜುಗಳು. ಹೆರಿಗೆಯಲ್ಲಿ ಮಗುವಿನ ತಲೆ ಹಾದುಬರುವಾಗ ಈ ಸ್ನಾಯುಗಳು ಅಪಾರವಾಗಿ ಹಿಗ್ಗುತ್ತವೆ, ಕೆಲವೊಮ್ಮೆ ಮೂಳೆಗೆ ಅಂಟಿರುವ ಜಾಗದಿಂದಲೇ ಕಿತ್ತುಬರುತ್ತವೆ. ಬಹಳ ಹೊತ್ತು ಮುಕ್ಕಬೇಕಾಗಿ ಬಂದ ಹೆರಿಗೆ, ಇಕ್ಕಳ ಹಾಕಿ ಮಗುವನ್ನು ತೆಗೆದ ಹೆರಿಗೆ, ದಪ್ಪ ಮಗು, ಮೇಲಿಂದ ಮೇಲೆ ಆದ ಹೆರಿಗೆಗಳು ಈ ಅಪಾಯವನ್ನು ಹೆಚ್ಚಿಸುತ್ತವೆ. ಮುಟ್ಟು ನಿಂತ ಮೇಲೆ ಈಸ್ಟ್ರೋಜನ್ ಎಂಬ ಹಾರ್ಮೋನು ಕಡಿಮೆಯಾಗಿ ಅಂಗಾಂಶಗಳು ತೆಳುವಾಗುವುದರಿಂದ, ಇಪ್ಪತ್ತೈದನೇ ವಯಸ್ಸಿನಲ್ಲಿ ಆದ ಪೆಟ್ಟು ಐವತ್ತರ ನಂತರ ಕಾಣಿಸಿಕೊಳ್ಳುವುದುಂಟು.

ಇದರ ಮೇಲೆ ಹೊಟ್ಟೆಯೊಳಗಿನ ಒತ್ತಡ ಬೀಳುತ್ತದೆ: ವರ್ಷಗಳಿಂದ ಕಾಡುವ ಕೆಮ್ಮು, ಮಲಬದ್ಧತೆ, ದೇಹದ ತೂಕ, ಮತ್ತು ದಿನನಿತ್ಯ ಭಾರ ಹೊರುವ ಕೆಲಸ. ನೀರಿನ ಕೊಡ, ಹುಲ್ಲಿನ ಹೊರೆ, ಕಟ್ಟಿಗೆ, ಕಾಫಿ ತೋಟದ ಚೀಲ, ಕಟ್ಟಡದ ಕೆಲಸದ ಬಾಂಡ್ಲಿ, ಇವನ್ನೆಲ್ಲ ಹೊರುವವರು ಹೆಚ್ಚಾಗಿ ಹೆಂಗಸರೇ. ಬಾಣಂತನ ಮುಗಿಯುವ ಮೊದಲೇ ಕೂಲಿಗೆ ಹೊರಡಬೇಕಾದವರೂ ಅವರೇ. ಕಾರಣ ಹೀಗಿರುವಾಗ ಗರ್ಭಕೋಶ ಜಾರಿದ ಹೆಂಗಸಿನ ನಡತೆಯನ್ನು ಅನುಮಾನಿಸುವುದು, ಅವಳನ್ನು ಮುಟ್ಟಬಾರದು ಎನ್ನುವುದು ಕ್ರೂರ ಅಜ್ಞಾನ. ಇದು ಅಂಟುರೋಗವಲ್ಲ, ಕ್ಯಾನ್ಸರೂ ಅಲ್ಲ.

ಮೊದಲು ನಿಮ್ಮ ಲಕ್ಷಣಗಳನ್ನು ಬರೆದಿಟ್ಟುಕೊಳ್ಳಿ

ವೈದ್ಯರ ಮುಂದೆ ಕೂತಾಗ ಸಂಕೋಚದಿಂದ ಮಾತು ಹೊರಡುವುದಿಲ್ಲ, ಹೊರಟರೂ "ಸೊಂಟ ನೋವು, ಬಿಳಿ ಹೋಗುತ್ತದೆ" ಎಂಬಲ್ಲಿಗೆ ನಿಂತುಬಿಡುತ್ತದೆ. ಆದ್ದರಿಂದ ಆಸ್ಪತ್ರೆಗೆ ಹೋಗುವ ಮೊದಲು ಒಂದು ವಾರ ಗಮನಿಸಿ, ಒಂದು ಚೀಟಿಯಲ್ಲಿ ಬರೆದುಕೊಳ್ಳಿ. ಓದು ಬರಹ ಬಾರದವರು ಮಗಳಿಂದಲೋ ಆಶಾ ಕಾರ್ಯಕರ್ತೆಯಿಂದಲೋ ಬರೆಸಿಕೊಳ್ಳಬಹುದು. ಗಂಟು ಯಾವಾಗ ಹೊರಗೆ ಬರುತ್ತದೆ, ಮಲಗಿದರೆ ಒಳಗೆ ಹೋಗುತ್ತದೆಯೇ ಅಥವಾ ಕೈಯಿಂದ ತಳ್ಳಬೇಕೇ? ಕೆಮ್ಮಿದರೆ, ಸೀನಿದರೆ ಮೂತ್ರ ಜಿನುಗುತ್ತದೆಯೇ? ಮೂತ್ರ ಮಾಡಿದ ಮೇಲೂ ಪೂರ್ತಿ ಖಾಲಿಯಾಗಿಲ್ಲ ಅನಿಸುತ್ತದೆಯೇ? ಮಲ ಹೊರಹೋಗಲು ಯೋನಿಯ ಗೋಡೆಯನ್ನು ಬೆರಳಿನಿಂದ ಒತ್ತಬೇಕಾಗುತ್ತದೆಯೇ? ಈ ಕೊನೆಯದನ್ನು ಯಾರೂ ತಾವಾಗಿ ಹೇಳುವುದಿಲ್ಲ, ಆದರೆ ಗುದನಾಳದ ಗೋಡೆ ಉಬ್ಬಿರುವುದನ್ನು ಗುರುತಿಸಲು ವೈದ್ಯರಿಗೆ ಇದಕ್ಕಿಂತ ಒಳ್ಳೆಯ ಸುಳಿವಿಲ್ಲ. ಎಷ್ಟು ಹೆರಿಗೆ, ಅವು ಹೇಗಾದವು, ಮುಟ್ಟು ನಿಂತಿದೆಯೇ, ಸಂಭೋಗದಲ್ಲಿ ತೊಂದರೆ ಇದೆಯೇ, ಇನ್ನೂ ಮಕ್ಕಳು ಬೇಕೇ ಎಂಬುದನ್ನೂ ಸೇರಿಸಿ. ಕೊನೆಯ ಎರಡು ಉತ್ತರಗಳ ಮೇಲೆ ಚಿಕಿತ್ಸೆಯ ಆಯ್ಕೆಯೇ ಬದಲಾಗುತ್ತದೆ.

ಕೆಲವು ಲಕ್ಷಣಗಳಿದ್ದರೆ ವಾರ ಕಾಯಬಾರದು. ಮೂತ್ರ ಕಟ್ಟಿಕೊಂಡು ಹೊರಬರದಿದ್ದರೆ, ಹೊರಬಂದ ಭಾಗ ಊದಿಕೊಂಡು ಒಳಗೆ ಹೋಗದಿದ್ದರೆ ಅಥವಾ ಕಪ್ಪಾಗಿದ್ದರೆ, ಜ್ವರದೊಂದಿಗೆ ಕೆಟ್ಟ ವಾಸನೆಯ ಸ್ರಾವವಿದ್ದರೆ ಅದೇ ದಿನ ಆಸ್ಪತ್ರೆಗೆ ಹೋಗಿ. ಮುಟ್ಟು ನಿಂತ ಮೇಲೆ ಕಾಣಿಸುವ ರಕ್ತಸ್ರಾವಕ್ಕೆ ಜಾರಿದ ಭಾಗದ ಹುಣ್ಣು ಕಾರಣವಿರಬಹುದು, ಆದರೆ ಹಾಗೆಂದು ಮನೆಯಲ್ಲೇ ತೀರ್ಮಾನಿಸದೆ ಕ್ಯಾನ್ಸರ್ ಇಲ್ಲವೆಂದು ಖಚಿತಪಡಿಸಿಕೊಳ್ಳಲೇಬೇಕು.

ಯಾರನ್ನು ಕಾಣಬೇಕು, ಅಲ್ಲಿ ಏನು ನಡೆಯುತ್ತದೆ

ಮೊದಲ ಭೇಟಿಗೆ ತಾಲ್ಲೂಕು ಅಥವಾ ಜಿಲ್ಲಾ ಆಸ್ಪತ್ರೆಯ ಸ್ತ್ರೀರೋಗ ತಜ್ಞರು ಸಾಕು. ತೊಂದರೆ ಹೆಚ್ಚಿದ್ದರೆ, ಅಥವಾ ಹಿಂದೆ ಆಪರೇಷನ್ ಆಗಿ ಮತ್ತೆ ಜಾರಿದ್ದರೆ, ವೈದ್ಯಕೀಯ ಕಾಲೇಜಿನ ಆಸ್ಪತ್ರೆ ಒಳ್ಳೆಯದು. ಬೆಂಗಳೂರಿನ ವಾಣಿ ವಿಲಾಸ, ಮೈಸೂರಿನ ಚೆಲುವಾಂಬ, ಮಂಗಳೂರಿನ ಲೇಡಿ ಗೋಷನ್, ಹುಬ್ಬಳ್ಳಿಯ ಕಿಮ್ಸ್, ಕಲಬುರಗಿಯ ಜಿಮ್ಸ್‌ನಂಥ ಸರ್ಕಾರಿ ಆಸ್ಪತ್ರೆಗಳ ಸ್ತ್ರೀರೋಗ ವಿಭಾಗಗಳಿಗೆ ಇದು ಹೊಸ ಕಾಯಿಲೆಯಲ್ಲ.

ಪರೀಕ್ಷೆಯ ಬಗ್ಗೆ ಮುಂಚೆಯೇ ತಿಳಿದಿದ್ದರೆ ಅರ್ಧ ಭಯ ಹೋಗುತ್ತದೆ. ಮೂತ್ರ ಮಾಡಿ ಬರಲು ಹೇಳಿ, ಮಂಚದ ಮೇಲೆ ಮೊಣಕಾಲು ಮಡಚಿ ಮಲಗಿಸುತ್ತಾರೆ ಅಥವಾ ಎಡಮಗ್ಗುಲಾಗಿಸುತ್ತಾರೆ. ಸ್ಪೆಕ್ಯುಲಮ್ ಎಂಬ ಸಾಧನದಿಂದ ಯೋನಿಯ ಮುಂದಿನ ಮತ್ತು ಹಿಂದಿನ ಗೋಡೆಗಳನ್ನು ಒಂದಾದ ಮೇಲೊಂದು ನೋಡಿ, ಕೆಮ್ಮಲು ಮತ್ತು ಮುಕ್ಕಲು ಹೇಳುತ್ತಾರೆ. ಈ ಹೊತ್ತಿನಲ್ಲಿ ಒಂದಿಷ್ಟು ಮೂತ್ರ ಹೊರಬಂದರೂ ನಾಚಿಕೆ ಬೇಡ, ಅವರು ನೋಡಬೇಕೆಂದಿರುವುದೇ ಅದನ್ನು. ಮಲಗಿದಾಗ ಗಂಟು ಒಳಗೆ ಹೋಗಿ ಏನೂ ಕಾಣದಿದ್ದರೆ "ನಿಂತುಕೊಂಡಾಗ ಬರುತ್ತದೆ ಡಾಕ್ಟ್ರೇ, ನಿಲ್ಲಿಸಿ ನೋಡಿ" ಎಂದು ಕೇಳಿ. ಜೊತೆಯಲ್ಲಿ ಒಬ್ಬ ನರ್ಸ್ ಅಥವಾ ನಿಮ್ಮ ಮನೆಯ ಹೆಂಗಸು ಇರಲಿ ಎಂದು ಕೇಳುವುದು ನಿಮ್ಮ ಹಕ್ಕು. ಮೂತ್ರ ಪರೀಕ್ಷೆ, ಗರ್ಭಕೋಶದ ಕಂಠದಲ್ಲಿ ಕ್ಯಾನ್ಸರಿನ ಸುಳಿವಿದೆಯೇ ಎಂದು ನೋಡುವ ಪ್ಯಾಪ್ ಪರೀಕ್ಷೆ, ಅಲ್ಟ್ರಾಸೌಂಡ್ ಸ್ಕ್ಯಾನ್ ಬರೆದುಕೊಡುವುದು ಸಾಮಾನ್ಯ.

ಜಾರಿರುವ ಪ್ರಮಾಣವನ್ನು ಯೋನಿದ್ವಾರದ ಅಂಚಿನಿಂದ ಅಳೆಯುತ್ತಾರೆ. ಅಂಚಿಗಿಂತ ಒಂದು ಸೆಂಟಿಮೀಟರಿಗೂ ಹೆಚ್ಚು ಮೇಲಿದ್ದರೆ ಒಂದನೇ ಹಂತ, ಅಂಚಿನ ಆಚೀಚೆ ಒಂದು ಸೆಂಟಿಮೀಟರಿನೊಳಗಿದ್ದರೆ ಎರಡನೇ ಹಂತ, ಅದಕ್ಕಿಂತ ಕೆಳಗೆ ಬಂದಿದ್ದರೆ ಮೂರನೇ ಹಂತ, ಬಹುತೇಕ ಪೂರ್ತಿ ಹೊರಬಂದಿದ್ದರೆ ನಾಲ್ಕನೆಯದು. ಹಂತದ ಸಂಖ್ಯೆಯನ್ನೂ, ಜಾರಿರುವುದು ಮುಂದಿನ ಗೋಡೆಯೋ, ಹಿಂದಿನದೋ, ಗರ್ಭಕೋಶವೋ ಎಂಬುದನ್ನೂ ಚೀಟಿಯಲ್ಲಿ ಬರೆಸಿಕೊಳ್ಳಿ. ಮುಂದೆ ಇನ್ನೊಬ್ಬ ವೈದ್ಯರ ಅಭಿಪ್ರಾಯ ಕೇಳುವಾಗ ಇದು ಬೇಕಾಗುತ್ತದೆ. ತೊಂದರೆಯೇ ಇಲ್ಲದ ಒಂದನೇ ಹಂತಕ್ಕೆ ಯಾವ ಚಿಕಿತ್ಸೆಯೂ ಬೇಡ. ಸ್ಕ್ಯಾನಿನಲ್ಲಿ "ಗರ್ಭಕೋಶ ದಪ್ಪಗಿದೆ" ಎಂದು ಕಂಡ ಮಾತ್ರಕ್ಕೆ ಅದನ್ನು ತೆಗೆಸಬೇಕಾಗಿಯೂ ಇಲ್ಲ.

ಹದಿನಾರು ವಾರಗಳ ವ್ಯಾಯಾಮ

ತೊಂದರೆ ಇರುವ ಒಂದು ಮತ್ತು ಎರಡನೇ ಹಂತದವರಿಗೆ ಮೊದಲ ಚಿಕಿತ್ಸೆ ಸೊಂಟದ ತಳದ ಸ್ನಾಯುಗಳನ್ನು ಬಲಪಡಿಸುವ ವ್ಯಾಯಾಮ, ಅಂದರೆ ಕೆಗೆಲ್ ವ್ಯಾಯಾಮ. ಬ್ರಿಟನ್, ನ್ಯೂಜಿಲೆಂಡ್ ಮತ್ತು ಆಸ್ಟ್ರೇಲಿಯಾಗಳ 447 ಮಹಿಳೆಯರೊಂದಿಗೆ ನಡೆದು 2014ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಫಿಸಿಯೋಥೆರಪಿಸ್ಟ್ ಬಳಿ ಹದಿನಾರು ವಾರ ಕಲಿತು ಮಾಡಿದವರಿಗೆ ವರ್ಷದ ನಂತರವೂ ಲಕ್ಷಣಗಳು ಕಡಿಮೆಯಾಗಿದ್ದವು. ಬ್ರಿಟನ್ನಿನ ಚಿಕಿತ್ಸಾ ಮಾರ್ಗಸೂಚಿಯೂ ಕನಿಷ್ಠ ಹದಿನಾರು ವಾರ ಮಾಡಿ ನೋಡಲು ಹೇಳುತ್ತದೆ. ಎರಡು ವಾರ ಮಾಡಿ "ಏನೂ ಆಗಲಿಲ್ಲ" ಎಂದು ಬಿಟ್ಟವರಿಗೆ ಇದರ ಫಲ ಸಿಗುವುದಿಲ್ಲ.

ಕ್ರಮ ಹೀಗಿದೆ. ಮೂತ್ರ ಮಾಡಿ ಬಂದು, ಚಾಪೆಯ ಮೇಲೆ ಅಂಗಾತ ಮಲಗಿ ಮೊಣಕಾಲು ಮಡಚಿಕೊಳ್ಳಿ. ನಾಲ್ಕು ಜನರ ನಡುವೆ ವಾಯು ಹೊರಹೋಗದಂತೆ ತಡೆಯುವಾಗ ಗುದದ ಸುತ್ತ ಯಾವ ಬಿಗಿ ಹಿಡಿಯುತ್ತೀರೋ ಅದೇ ಬಿಗಿಯನ್ನು ಹಿಡಿದು, ಅದನ್ನು ಮುಂದಕ್ಕೆ ಯೋನಿ ಮತ್ತು ಮೂತ್ರದ್ವಾರದವರೆಗೆ ತಂದು, ಒಳಗೆ ಮತ್ತು ಮೇಲಕ್ಕೆ ಎಳೆದುಕೊಳ್ಳಿ. ಹೊಟ್ಟೆಯ ಮೇಲೆ ಒಂದು ಕೈ ಇಟ್ಟಿರಿ. ಹೊಟ್ಟೆ, ತೊಡೆ, ಪೃಷ್ಠ ಗಟ್ಟಿಯಾದರೆ ಸ್ನಾಯು ತಪ್ಪಿದೆ ಎಂದರ್ಥ. ಉಸಿರು ಕಟ್ಟಬೇಡಿ. ಸರಿಯಾಗಿದೆಯೇ ಎಂದು ನೋಡಲು ಶುಚಿಯಾದ ಬೆರಳನ್ನು ಯೋನಿಯೊಳಗೆ ಇಟ್ಟರೆ ಸುತ್ತಲಿಂದ ಹಿಡಿದು ಮೇಲಕ್ಕೆ ಎಳೆದ ಅನುಭವವಾಗಬೇಕು. ಬೆರಳು ಹೊರಗೆ ತಳ್ಳಿಸಿಕೊಂಡರೆ ನೀವು ಮುಕ್ಕುತ್ತಿದ್ದೀರಿ, ಅದರಿಂದ ಹಾನಿಯೇ ಹೆಚ್ಚು. ಮೊದಮೊದಲು ಮೂರು ಎಣಿಕೆಯವರೆಗೆ ಹಿಡಿದು, ಅಷ್ಟೇ ಹೊತ್ತು ಪೂರ್ತಿ ಸಡಿಲ ಬಿಡಿ. ವಾರಗಳು ಕಳೆದಂತೆ ಹತ್ತು ಎಣಿಕೆಗೆ ಏರಿಸಿ. ಒಂದು ಸಲಕ್ಕೆ ಎಂಟರಿಂದ ಹತ್ತು ಬಾರಿ, ದಿನಕ್ಕೆ ಮೂರು ಸಲ. ಪ್ರತಿ ಸಲದ ಕೊನೆಯಲ್ಲಿ ಬೇಗಬೇಗನೆ ಹಿಡಿದು ಬಿಡುವ ಹತ್ತು ಬಿಗಿತ. ಮೂತ್ರ ಮಾಡುತ್ತ ಮಾಡುತ್ತ ನಡುವೆ ತಡೆಯುವುದನ್ನೇ ವ್ಯಾಯಾಮವೆಂದು ಅಭ್ಯಾಸ ಮಾಡಬೇಡಿ, ಮೂತ್ರ ಪೂರ್ತಿ ಖಾಲಿಯಾಗದೆ ಸೋಂಕಾಗುವ ಅಪಾಯವಿದೆ.

ಸ್ನಾಯು ಹಿಡಿತಕ್ಕೆ ಬಂದ ಮೇಲೆ ಅದನ್ನು ದಿನದ ಕೆಲಸಕ್ಕೆ ತನ್ನಿ. ಕೆಮ್ಮು ಬರುವ ಕ್ಷಣಕ್ಕೆ ಮೊದಲು, ನೆಲದಿಂದ ಏಳುವ ಮೊದಲು, ಮಗುವನ್ನು ಎತ್ತುವ ಮೊದಲು ಬಿಗಿ ಹಿಡಿದು, ಉಸಿರು ಬಿಡುತ್ತ ಎದ್ದರೆ ಕೆಳಗೆ ಬೀಳುವ ಒತ್ತಡ ಕಡಿಮೆಯಾಗುತ್ತದೆ.

ದಿನನಿತ್ಯದ ಬದುಕು

ಭಾರ ಎತ್ತಬೇಡಿ ಎಂದು ಹೇಳುವುದು ಸುಲಭ. ನಲ್ಲಿ ಬೀದಿಯ ಆಚೆ ಇರುವ ಮನೆಯಲ್ಲಿ ಅದನ್ನು ಪಾಲಿಸುವುದು ಹಾಗಲ್ಲ. ತುಂಬಿದ ಕೊಡವೊಂದು ಹನ್ನೆರಡರಿಂದ ಹದಿನೈದು ಕಿಲೋ ತೂಗುತ್ತದೆ. ಅದರ ಬದಲು ಅರ್ಧ ಕೊಡ ಎರಡು ಸಲ, ಸೊಂಟದ ಮೇಲೆ ಒಂದೇ ಮಗ್ಗುಲಿಗೆ ಹೊರುವ ಬದಲು ಎರಡು ಕೈಗಳಲ್ಲಿ ಎರಡು ಸಣ್ಣ ಬಿಂದಿಗೆ, ಸಾಧ್ಯವಿದ್ದರೆ ಕೈಗಾಡಿ ಅಥವಾ ಸೈಕಲ್ಲು, ಇಷ್ಟಾದರೂ ಬದಲಾಗಲಿ. ಭಾರದ ಕೆಲಸವನ್ನು ಮನೆಯ ಗಂಡಸರು ಹಂಚಿಕೊಳ್ಳಬೇಕೆಂದು ವೈದ್ಯರ ಬಾಯಿಂದಲೇ ಹೇಳಿಸಿ. ಸೊಸೆಯ ಮಾತಿಗಿಂತ ಡಾಕ್ಟರರ ಮಾತಿಗೆ ನಮ್ಮ ಮನೆಗಳಲ್ಲಿ ಬೆಲೆ ಹೆಚ್ಚು. ಮಧ್ಯಾಹ್ನ ಸೊಂಟದ ಕೆಳಗೆ ದಿಂಬಿಟ್ಟು ಇಪ್ಪತ್ತು ನಿಮಿಷ ಮಲಗಿದರೆ ಸಂಜೆಯ ಭಾರ ಎಷ್ಟೋ ಇಳಿಯುತ್ತದೆ.

ಮಲಬದ್ಧತೆಗೆ ನೀರು, ಸೊಪ್ಪು, ರಾಗಿ, ಹಣ್ಣು, ಅದೂ ಸಾಲದಿದ್ದರೆ ಇಸಬಗೋಲು. ಕೂತು ಮಾಡುವ ಕಮೋಡಿನಲ್ಲಿ ಕಾಲ ಕೆಳಗೆ ಒಂದು ಮಣೆ ಇಟ್ಟು ಮೊಣಕಾಲು ಮೇಲೆ ಬರುವಂತೆ ಕೂತರೆ ಮುಕ್ಕುವ ಅಗತ್ಯ ಕಡಿಮೆ. ಮೂತ್ರ ಉಳಿಯುತ್ತಿದ್ದರೆ ಒಮ್ಮೆ ಮಾಡಿ, ಎದ್ದು ನಿಂತು, ಮತ್ತೆ ಕೂತು ಮಾಡಿ. ಸೋರುತ್ತದೆಂಬ ಹೆದರಿಕೆಯಿಂದ ನೀರು ಕುಡಿಯುವುದನ್ನು ಬಿಟ್ಟರೆ ಉರಿಮೂತ್ರ ಶುರುವಾಗುತ್ತದೆ. ತಿಂಗಳುಗಟ್ಟಲೆ ಇರುವ ಕೆಮ್ಮಿಗೆ ಚಿಕಿತ್ಸೆ ಪಡೆಯಿರಿ. ರಭಸದ ಕಪಾಲಭಾತಿಯನ್ನೂ, ಹೊಟ್ಟೆ ಕರಗಿಸಲೆಂದು ಮಾಡುವ ಸಿಟ್-ಅಪ್‌ಗಳನ್ನೂ ನಿಲ್ಲಿಸಿ, ನಡಿಗೆ ಒಳ್ಳೆಯದು.

ಗಂಟನ್ನು ತಡೆಯಲು ಬಟ್ಟೆಯ ಉಂಡೆಯನ್ನೋ ಬೇರೇನನ್ನೋ ಯೋನಿಯೊಳಗೆ ಇಟ್ಟುಕೊಳ್ಳುವುದು, ಗಿಡಮೂಲಿಕೆಯ ಲೇಪ ಹಚ್ಚುವುದು ಅಪಾಯಕರ. ಹೊರಬಂದ ಭಾಗ ಸೀರೆಗೆ, ಒಳಲಂಗಕ್ಕೆ ಉಜ್ಜಿ ಹುಣ್ಣಾಗುತ್ತದೆ. ಅದಕ್ಕೆ ಸೋಂಕು ತಗಲಿದರೆ ತೊಂದರೆ ಇಮ್ಮಡಿಯಾಗುತ್ತದೆ. ಮೆತ್ತನೆಯ ಹತ್ತಿಯ ಒಳಉಡುಪು ಹಾಕಿ, ಮಲಗಿದಾಗ ತೊಳೆದ ಕೈಯಿಂದ ಮೆಲ್ಲಗೆ ಒಳಗೆ ಸೇರಿಸಿಕೊಳ್ಳಿ. ಮುಟ್ಟು ನಿಂತವರಿಗೆ ಒಣಗುವಿಕೆ ಮತ್ತು ಹುಣ್ಣಿಗೆ ಈಸ್ಟ್ರೋಜನ್ ಕ್ರೀಮನ್ನು ವೈದ್ಯರು ಬರೆದುಕೊಡಬಹುದು. ಜಾರಿದ ಮಾತ್ರಕ್ಕೆ ದಾಂಪತ್ಯದ ಸುಖ ಮುಗಿಯಿತೆಂದಲ್ಲ. ಸಂಭೋಗದಿಂದ ಜಾರುವಿಕೆ ಹೆಚ್ಚಾಗುವುದಿಲ್ಲ, ನೋವಿದ್ದರೆ ಮಾತ್ರ ವೈದ್ಯರಿಗೆ ಹೇಳಿ.

ರಿಂಗ್ ಹಾಕಿಸಿಕೊಳ್ಳುವುದು

ಈ ಚಿಕಿತ್ಸೆಯ ಹೆಸರನ್ನೇ ಕೇಳದ ಹೆಂಗಸರು ನಮ್ಮಲ್ಲಿ ತುಂಬಾ ಇದ್ದಾರೆ ಎಂಬುದು ನನಗೆ ಬಹಳ ಬೇಸರದ ಸಂಗತಿ. ಈ ರಿಂಗ್, ಅಂದರೆ ಪೆಸರಿ, ಮೆತ್ತನೆಯ ಸಿಲಿಕೋನಿನ ಬಳೆ. ಅದನ್ನು ಮಡಚಿ ಯೋನಿಯೊಳಗೆ ಸೇರಿಸಿದರೆ ಒಳಗೆ ಬಿಚ್ಚಿಕೊಂಡು, ಜಾರಿದ ಅಂಗವನ್ನು ಮೇಲೆ ಹಿಡಿದು ನಿಲ್ಲುತ್ತದೆ. ಇದಕ್ಕೆ ಅರಿವಳಿಕೆ ಬೇಡ, ಅಡ್ಮಿಟ್ ಆಗಬೇಕಿಲ್ಲ. ಹೃದ್ರೋಗ ಅಥವಾ ವಯಸ್ಸಿನಿಂದ ಆಪರೇಷನ್ ತಡೆಯಲಾರದವರಿಗೆ, ಇನ್ನೂ ಮಕ್ಕಳು ಬೇಕಿರುವವರಿಗೆ, ಬಸುರಿಯರಿಗೆ, ಸುಗ್ಗಿ ಮುಗಿಯುವವರೆಗೆ ಆಪರೇಷನ್ ಮುಂದೂಡಬೇಕಾದವರಿಗೆ ಇದು ಒಳ್ಳೆಯ ದಾರಿ. ಆಪರೇಷನ್ನೇ ಬೇಡವೆನ್ನುವವರು ವರ್ಷಗಟ್ಟಲೆ ಇದರಲ್ಲೇ ಇರಬಹುದು.

ಅಳತೆ ಒಂದೇ ಸಲಕ್ಕೆ ಕೂಡಿಬರುವುದು ಕಡಿಮೆ. ಹಾಕಿದ ಮೇಲೆ ಆಸ್ಪತ್ರೆಯಲ್ಲೇ ನಡೆದಾಡಿ, ಕುಕ್ಕರಗಾಲಲ್ಲಿ ಕೂತು, ಕೆಮ್ಮಿ, ಮೂತ್ರ ಮಾಡಿ ನೋಡಿ. ಬಿದ್ದುಹೋದರೆ ದೊಡ್ಡದು ಬೇಕು, ನೋವಾದರೆ ಅಥವಾ ಮೂತ್ರ ಕಟ್ಟಿದರೆ ಚಿಕ್ಕದು. ಸರಿಯಾದ ಅಳತೆಯದು ಇದೆಯೆಂದೇ ಗೊತ್ತಾಗುವುದಿಲ್ಲ. ಮೂರರಿಂದ ಆರು ತಿಂಗಳಿಗೊಮ್ಮೆ ಆಸ್ಪತ್ರೆಗೆ ಹೋಗಿ ತೆಗೆಸಿ, ಒಳಗೆ ಹುಣ್ಣಾಗಿದೆಯೇ ನೋಡಿಸಿ, ತೊಳೆಸಿ ಹಾಕಿಸಿಕೊಳ್ಳಬೇಕು. ತಾವೇ ತೆಗೆದು, ಸೋಪಿನಿಂದ ತೊಳೆದು, ಮತ್ತೆ ಹಾಕಿಕೊಳ್ಳಲು ಕಲಿತವರೂ ಇದ್ದಾರೆ. ಮರೆತು ವರ್ಷಗಟ್ಟಲೆ ಬಿಟ್ಟರೆ ಅದು ಗೋಡೆಯೊಳಗೆ ಹೂತುಕೊಳ್ಳುವ ಅಪಾಯವಿದೆ, ಆದ್ದರಿಂದ ಮುಂದಿನ ತಾರೀಖನ್ನು ಕ್ಯಾಲೆಂಡರಿನಲ್ಲಿ ಗುರುತಿಸಿ, ಮನೆಯ ಇನ್ನೊಬ್ಬರಿಗೂ ಹೇಳಿಡಿ.

ಆಪರೇಷನ್ ಎಂದಾಗ

ವ್ಯಾಯಾಮ, ರಿಂಗ್‌ಗಳಿಂದ ಪ್ರಯೋಜನವಾಗದಿದ್ದರೆ, ಅಥವಾ ಮೂರು ನಾಲ್ಕನೇ ಹಂತದ ತೊಂದರೆ ಬದುಕನ್ನೇ ಕಷ್ಟಕ್ಕೆ ತಂದಿದ್ದರೆ ಶಸ್ತ್ರಚಿಕಿತ್ಸೆ ಸರಿಯಾದ ಆಯ್ಕೆ. ಪೂರ್ತಿ ಹೊರಬಂದ ಗರ್ಭಕೋಶ ಮೂತ್ರನಾಳಗಳನ್ನು ಎಳೆದು ಕಿಡ್ನಿಗೂ ತೊಂದರೆ ಮಾಡಬಲ್ಲದಾದ್ದರಿಂದ ಅಂಥವರು ತಡಮಾಡಬಾರದು.

ಆದರೆ ಆಪರೇಷನ್ ಎಂದರೆ ಗರ್ಭಕೋಶ ತೆಗೆಯುವುದು ಮಾತ್ರ ಅಲ್ಲ. ಸಡಿಲವಾಗಿರುವುದು ಆಧಾರ, ಅದನ್ನು ಸರಿಪಡಿಸದೆ ಗರ್ಭಕೋಶವನ್ನಷ್ಟೇ ತೆಗೆದರೆ, ಕೆಲವು ವರ್ಷಗಳಲ್ಲಿ ಯೋನಿಯ ಮೇಲ್ತುದಿಯೇ ಕೆಳಗೆ ಜಾರಿ ಬರಬಹುದು. ಯೋನಿ ಮಾರ್ಗವಾಗಿ ಗರ್ಭಕೋಶ ತೆಗೆಯುವವರು ಮುಂದಿನ ಮತ್ತು ಹಿಂದಿನ ಗೋಡೆಗಳನ್ನು ಹೊಲಿದು ಬಿಗಿಗೊಳಿಸಿ, ಮೇಲ್ತುದಿಯನ್ನು ಅಸ್ಥಿರಜ್ಜುವಿಗೆ ಕಟ್ಟಬೇಕು. ಗರ್ಭಕೋಶವನ್ನು ಉಳಿಸಿಕೊಂಡೇ ಮೇಲೆತ್ತಿ ಕಟ್ಟುವ ವಿಧಾನಗಳೂ ಇವೆ, ಮುಂಬೈನ ಡಾ. ವಿ. ಎನ್. ಶಿರೋಡ್ಕರ್ ಮತ್ತು ಡಾ. ಪುರಂದರೆ ಅವರ ಹೆಸರಿನ ಶಸ್ತ್ರಚಿಕಿತ್ಸೆಗಳು ಮಕ್ಕಳು ಬೇಕಿರುವ ಚಿಕ್ಕ ವಯಸ್ಸಿನವರಿಗೆಂದೇ ರೂಪುಗೊಂಡವು. ಸಂಭೋಗದ ಅಪೇಕ್ಷೆಯಿಲ್ಲದ, ದೊಡ್ಡ ಆಪರೇಷನ್ ತಡೆಯದ ವೃದ್ಧೆಯರಿಗೆ ಯೋನಿಯನ್ನು ಹೊಲಿದು ಮುಚ್ಚುವ ಚಿಕ್ಕ ಶಸ್ತ್ರಚಿಕಿತ್ಸೆಯಿದೆ. ಯೋನಿಯ ಮೂಲಕ ಪ್ಲಾಸ್ಟಿಕ್ ಜಾಲರಿ ಕೂರಿಸುವ ವಿಧಾನದಿಂದ ಅನೇಕರಿಗೆ ತೀವ್ರ ತೊಂದರೆಗಳಾದ್ದರಿಂದ, ಜಾರುವಿಕೆಯ ಚಿಕಿತ್ಸೆಗೆ ಅದನ್ನು ಮಾರುವುದನ್ನು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2019ರ ಏಪ್ರಿಲ್‌ನಲ್ಲಿ ನಿಲ್ಲಿಸಿತು. ನಿಮಗೆ ಜಾಲರಿ ಹಾಕುತ್ತಾರೆಯೇ, ಹಾಕುವುದಾದರೆ ಹೊಟ್ಟೆಯ ಮೂಲಕವೋ ಯೋನಿಯ ಮೂಲಕವೋ ಎಂದು ಕೇಳಿ.

ಎಚ್ಚರಿಕೆಗೆ ಇನ್ನೊಂದು ಕಾರಣವಿದೆ. ಕಲಬುರಗಿ ಜಿಲ್ಲೆಯ ತಾಂಡಾಗಳಲ್ಲಿ ಮತ್ತು ಹಾವೇರಿ ಜಿಲ್ಲೆಯ ರಾಣೆಬೆನ್ನೂರಿನಲ್ಲಿ ಬಡ ಹೆಂಗಸರ ಗರ್ಭಕೋಶಗಳನ್ನು ಅನಗತ್ಯವಾಗಿ ತೆಗೆಯಲಾಯಿತೆಂಬ ದೂರುಗಳು ಎದ್ದು, ಮಹಿಳೆಯರು ಬೀದಿಗಿಳಿದು ಹೋರಾಡಿದ್ದಾರೆ. ಅನಗತ್ಯ ಗರ್ಭಕೋಶ ಶಸ್ತ್ರಚಿಕಿತ್ಸೆ ತಡೆಯುವ ಕೇಂದ್ರ ಸರ್ಕಾರದ ಮಾರ್ಗಸೂಚಿಯನ್ನು ಮೂರು ತಿಂಗಳೊಳಗೆ ಜಾರಿಗೆ ತರುವಂತೆ ಸುಪ್ರೀಂ ಕೋರ್ಟ್ 2023ರ ಏಪ್ರಿಲ್‌ನಲ್ಲಿ ರಾಜ್ಯಗಳಿಗೆ ಆದೇಶಿಸಿತು. ಬಿಳಿ ಸೆರಗಿಗೆ, ಸೊಂಟ ನೋವಿಗೆ, "ಮುಂದೆ ಕ್ಯಾನ್ಸರ್ ಆಗಬಹುದು" ಎಂಬ ಹೆದರಿಕೆಗೆ ಗರ್ಭಕೋಶ ತೆಗೆಸಬೇಡಿ. "ನಾಳೆಯೇ ಮಾಡಬೇಕು" ಎಂದು ಅವಸರಿಸಿದರೆ, ಅದು ತುರ್ತು ಸ್ಥಿತಿಯಲ್ಲದಿದ್ದರೆ, ಇನ್ನೊಬ್ಬ ವೈದ್ಯರನ್ನು ಕಾಣಿರಿ.

ಒಪ್ಪಿಗೆ ಪತ್ರಕ್ಕೆ ಸಹಿ ಅಥವಾ ಹೆಬ್ಬೆಟ್ಟು ಒತ್ತುವ ಮೊದಲು ಈ ಪ್ರಶ್ನೆಗಳನ್ನು ಕೇಳಿ:

- ನನಗೆ ಯಾವ ಭಾಗ ಜಾರಿದೆ, ಯಾವ ಹಂತ?
- ವ್ಯಾಯಾಮ ಅಥವಾ ರಿಂಗ್ ನನಗೆ ಏಕೆ ಸಾಲದು?
- ಗರ್ಭಕೋಶ ಉಳಿಸಿಕೊಂಡು ಮಾಡಲು ಆಗುತ್ತದೆಯೇ? ತೆಗೆದರೆ ಮೇಲ್ತುದಿಯನ್ನು ಯಾವುದಕ್ಕೆ ಕಟ್ಟುತ್ತೀರಿ?
- ಅಂಡಾಶಯಗಳನ್ನು ತೆಗೆಯುತ್ತೀರಾ, ಏಕೆ? (ಮುಟ್ಟು ನಿಲ್ಲುವ ಮೊದಲೇ ಅವನ್ನು ತೆಗೆದರೆ ಮೂಳೆ ಸವೆತ ಮತ್ತು ಹೃದಯದ ತೊಂದರೆ ಬೇಗ ಬರುತ್ತವೆ.)
- ಆಪರೇಷನ್ ನಂತರ ಮೂತ್ರ ಸೋರುವುದು ಹೊಸದಾಗಿ ಶುರುವಾಗಬಹುದೇ?

ಖರ್ಚಿನ ವಿಷಯ. ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆಯಿದೆ. ಎಪಿಎಲ್‌ನವರಿಗೆ ನಿಗದಿತ ದರದ ಶೇ. 30ರಷ್ಟನ್ನು, ವರ್ಷಕ್ಕೆ 1.5 ಲಕ್ಷ ರೂಪಾಯಿ ಮಿತಿಯಲ್ಲಿ, ಸರ್ಕಾರ ಭರಿಸುತ್ತದೆ. ಆಧಾರ್ ಮತ್ತು ರೇಷನ್ ಕಾರ್ಡ್ ಹಿಡಿದು ಮೊದಲು ಸರ್ಕಾರಿ ಆಸ್ಪತ್ರೆಗೇ ಹೋಗಿ. ಅಲ್ಲಿಂದ ರೆಫರಲ್ ಚೀಟಿ ಇಲ್ಲದೆ ನೇರವಾಗಿ ಖಾಸಗಿ ಆಸ್ಪತ್ರೆಗೆ ಹೋದರೆ ಯೋಜನೆಯ ಲಾಭ ತಪ್ಪಿಹೋಗಬಹುದು.

ಆಪರೇಷನ್ ಆದ ಮೇಲೆ

ಮೊದಲ ಆರು ವಾರ ಕೊಡ, ಬಟ್ಟೆಯ ಬಕೆಟ್ಟು, ಮಗು ಯಾವುದನ್ನೂ ಎತ್ತಬೇಡಿ. ಮನೆಗೆ ಸಹಾಯಕ್ಕೆ ಯಾರು ಬರುತ್ತಾರೆ ಎಂಬುದನ್ನು ಆಪರೇಷನ್ನಿನ ದಿನ ಗೊತ್ತುಮಾಡುವ ಮೊದಲೇ ನಿರ್ಧರಿಸಿ. ಸಂಭೋಗ ಆರರಿಂದ ಎಂಟು ವಾರ ಬೇಡ. ಹೊಲದ ಕೆಲಸಕ್ಕೆ ಮೂರು ತಿಂಗಳು ಕಳೆಯಲಿ. ಮಲ ಗಟ್ಟಿಯಾಗದಂತೆ ನೋಡಿಕೊಳ್ಳಿ, ವೈದ್ಯರು ಹೇಳಿದ ಮೇಲೆ ಕೆಗೆಲ್ ವ್ಯಾಯಾಮ ಮತ್ತೆ ಶುರುಮಾಡಿ. ಜ್ವರ, ಕೀವು, ಹೆಚ್ಚು ರಕ್ತ, ಕಾಲಿನ ಮೀನಖಂಡದಲ್ಲಿ ಊತ ಮತ್ತು ನೋವು ಕಂಡರೆ ಕೂಡಲೇ ಆಸ್ಪತ್ರೆಗೆ ಹೋಗಿ. ಆಪರೇಷನ್ ಆದವರಲ್ಲಿ ನೂರಕ್ಕೆ ಮೂವತ್ತು ಮಂದಿಯವರೆಗೆ ಮತ್ತೆ ಅಷ್ಟಿಷ್ಟು ಜಾರುವುದುಂಟು, ಆದರೆ ಅವರೆಲ್ಲರಿಗೂ ಇನ್ನೊಂದು ಆಪರೇಷನ್ ಬೇಕಾಗುವುದಿಲ್ಲ.

ಡಿಸ್ಚಾರ್ಜ್ ಚೀಟಿಯನ್ನೂ, ತೆಗೆದ ಅಂಗದ ಬಯಾಪ್ಸಿ ವರದಿಯನ್ನೂ ಕೇಳಿ ಪಡೆಯಿರಿ. ಗರ್ಭಕೋಶ ತೆಗೆದರೇ, ಅಂಡಾಶಯಗಳು ಉಳಿದಿವೆಯೇ, ಜಾಲರಿ ಹಾಕಿದ್ದಾರೆಯೇ ಎಂಬ ಮೂರು ವಿಷಯಗಳನ್ನು ಕನ್ನಡದಲ್ಲಿ ಅದರ ಹಿಂಬದಿಗೆ ಬರೆಸಿಕೊಂಡು, ರೇಷನ್ ಕಾರ್ಡಿನ ಜೊತೆಯಲ್ಲೇ ಇಡಿ.